ತೋಪಿನ ದಾನಿಗಳು

ಕಾಡಪ್ಪನ ಟ್ಯಾಂಕಿಗೆ ತೋಪು ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಚಕ್ರಗಳು, ಚಕ್ರಗಳ ಮೇಲೆ ಹೊದಿಸುವ ರಬ್ಬರಿನ ಪಟ್ಟಾ, ಬೋಗುಣಿ ಬೋರಲು ಹಾಕಿದಂಥ ಗುಮ್ಮಟ, ಡೀಸೆಲ್ ಡ್ರಮ್ಮು, ಎಳೆಯುವ ಕೊಂಡಿ, ಜೋಳದ ಕಾಳಿನಷ್ಟು ದೀಪ. ಟಿ-55 ಎಂಬ ರಷ್ಯಾದ ಟ್ಯಾಂಕನ್ನು ಮೂವತ್ತೈದು ಪಟ್ಟು ಕುಗ್ಗಿಸಿ, ಪ್ಲಾಸ್ಟಿಕ್ಕಿನಲ್ಲಿ ಬಿಡಿಬಿಡಿಯಾಗಿ ಎರಕ ಹೊಯ್ದು, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಕೊಂಡವರು ಮನೆಯಲ್ಲಿ ಕೂತು ಒಂದೊಂದೇ ತುಂಡು ಅಂಟಿಸಿಕೊಳ್ಳಬೇಕು. ಇಂಥ ಒಂದು ಡಬ್ಬಿಯನ್ನು ಅಹಮದ್‌ನಗರದಲ್ಲಿ ಒಬ್ಬ ಕ್ಯಾಪ್ಟನ್, ಕಾಡಪ್ಪ ಪೆನ್ಶನ್ ಮೇಲೆ ಹೊರಟ ದಿನ ಅವನ ಕೈಗಿಟ್ಟಿದ್ದ. ಡಬ್ಬಿ ಅದಾಗಲೇ ಬಿಚ್ಚಿತ್ತು. ತೋಪಿನ ನಳಿಗೆಯನ್ನು ಕ್ಯಾಪ್ಟನ್ನನ ಮಗ ಆಡಲು ತೆಗೆದುಕೊಂಡು ಎಲ್ಲೋ ಕಳೆದಿದ್ದ. ಈ ಸಂಗತಿ ಕಾಡಪ್ಪನಿಗೆ ಗೊತ್ತಾದದ್ದು ಸಂಪಗಾಂವಕ್ಕೆ ಬಂದು ಟ್ರಂಕು ತೆರೆದ ಮೇಲೆ.

ಕಾಡಪ್ಪ ಅಂಥ ಟ್ಯಾಂಕನ್ನು ಹನ್ನೊಂದು ವರ್ಷ ಓಡಿಸಿದವನು. ಊರಲ್ಲಿ ಅದನ್ನು ಯಾರೂ ನಂಬಿರಲಿಲ್ಲ. ತಪ್ಪು ಸೈನ್ಯದ್ದು. ಅಲ್ಲಿ ಟ್ಯಾಂಕು ದಳದ ಹವಾಲ್ದಾರನನ್ನು ದಫೇದಾರ ಎನ್ನುತ್ತಾರೆ. ಬೈಲಹೊಂಗಲ ತಾಲೂಕಿನಲ್ಲಿ ದಫೇದಾರನೆಂದರೆ ಸಾಹೇಬರ ಕೋಣೆಯ ಬಾಗಿಲಲ್ಲಿ ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ನಿಂತು, ಬಂದವರ ಚೀಟಿ ಒಳಗೆ ಒಯ್ಯುವವನು. ಊರ ಹಿರಿಯ ದುರ್ಗಪ್ಪ ಚಾವಡಿಯ ಕಟ್ಟೆಯ ಮೇಲೆ ಕೂತು ಈ ವಿಷಯವನ್ನು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದ್ದ.

“ಬಾಗಲಾ ಕಾಯ್ತಿದ್ದೆ ಅಂತ ಹೇಳಾಕ ನಾಚಿಕಿ ಅವಂಗ. ಅದಕ್ಕ ಟ್ಯಾಂಕು ಅಂತಾನ.”

ಆ ಆಟಿಕೆಯ ಮುಂಭಾಗದಲ್ಲಿ, ಎಡಕ್ಕೆ, ಹುಣಸೆಬೀಜದಷ್ಟು ಒಂದು ಮುಚ್ಚಳವಿತ್ತು. ಉಗುರು ಹಾಕಿ ಎತ್ತಿದರೆ ತೆರೆಯುತ್ತಿತ್ತು. ಟ್ಯಾಂಕು ಓಡಿಸುವವನು ಕೂಡುವುದು ಅದರ ಕೆಳಗೆ. ಆ ಮುಚ್ಚಳದ ಮೇಲೆ ಬೆರಳಿಟ್ಟು, ನಾನು ಕೂಡುತ್ತಿದ್ದದ್ದು ಇಲ್ಲಿ ಎಂದು ದುರ್ಗಪ್ಪನಿಗೆ ನಾಲ್ಕು ಜನರೆದುರು ಒಮ್ಮೆ ತೋರಿಸಬೇಕು. ಕಾಡಪ್ಪನಿಗೆ ಬೇಕಿದ್ದದ್ದು ಇಷ್ಟೇ. ತೋಪಿಲ್ಲದೆ ತೋರಿಸುವಂತಿರಲಿಲ್ಲ. ಹೆಂಡತಿ ಸಿದ್ದಲಿಂಗವ್ವನೇ ಅದನ್ನು ನೋಡಿ ಕೇಳಿದ್ದಳು:

“ಇದು ರಸ್ತಾ ಮಾಡೂ ಮಿಶನ್ ಅಲ್ರೀ?”

“ತೋಪು ಬರೂದೈತಿ.”

“ಬಂದ ಮ್ಯಾಲ ಹೇಳ್ರಿ. ಅಲ್ಲೀ ಮಟಾ ಜ್ವಾಳದ ಡಬ್ಬಿ ಮ್ಯಾಲಿಂದ ತಗೀರಿ ಅದನ್ನ.”

ಬಿಡಿಭಾಗಗಳ ವಿಷಯದಲ್ಲಿ ಬೈಲಹೊಂಗಲ ಬಡ ಊರಲ್ಲ. ಕಂಪನಿಯೇ ಮುಚ್ಚಿಹೋದ ಪಂಪಿನ ವಾಷರು, ಅಜ್ಜನ ಕಾಲದ ಸ್ಟೋವಿನ ಪಿನ್ನು, ಹೊಲಿಗೆ ಯಂತ್ರದಲ್ಲಿ ಬಟ್ಟೆ ಮುಂದೂಡುವ ಹಲ್ಲು, ಎಲ್ಲ ಸಿಗುತ್ತವೆ. ಸಿಗದಿದ್ದರೆ ಕಾಯಿಸಿ ಬಡಿದು ಮಾಡಿಕೊಡುತ್ತಾರೆ. ಕಾಡಪ್ಪ ಬೆಳಗಾವಿಯ ಆಟಿಕೆ ಅಂಗಡಿಗಳನ್ನು ಸುತ್ತಿ, ಆಟಿಕೆಗೆ ಸ್ಪೇರ್ ಕೇಳುವ ಗಂಡಸನ್ನು ನೋಡಿ ನಗುವವರ ಮುಖ ನೋಡಿ ಸಾಕಾಗಿ, ೧೯೯೯ರ ಜುಲೈನಲ್ಲಿ ಒಂದು ದಿನ ಟ್ಯಾಂಕನ್ನು ಕೈಚೀಲದಲ್ಲಿ ಹಾಕಿಕೊಂಡು ಬೈಲಹೊಂಗಲದ ದುಂಡಪ್ಪನ ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಗೆ ಬಂದ. ದುಂಡಪ್ಪ ಅದನ್ನು ತಿರುವಿ ಮುರುವಿ ನೋಡಿದ.

“ಯಾ ಕಂಪನಿ ಟ್ರ್ಯಾಕ್ಟರ್ ರೀ?”

“ಟ್ಯಾಂಕ್ ರೀ. ಲಡಾಯಿದು. ಇದಕ್ಕ ತೋಪು ಬೇಕಾಗಿತ್ತು.”

“ತೋಪು ಸದ್ಯಾ ಸ್ಟಾಕ್ ಇಲ್ರಿ,” ಎಂದ ದುಂಡಪ್ಪ, ನಿನ್ನೆಯಷ್ಟೇ ಕೊನೆಯದು ಮಾರಿದವನ ಹಾಗೆ. ಆಮೇಲೆ ಹಣದ ಗಲ್ಲೆಯ ಮೇಲಿನ ಪತ್ರಿಕೆ ಅವನ ಕಣ್ಣಿಗೆ ಬಿತ್ತು. ಮುಖಪುಟದ ತುಂಬ ಕಾರ್ಗಿಲ್ ಇತ್ತು. “ನೀವು ಮಿಲ್ಟ್ರಿಯವರೇನ್ರಿ?”

“ಹೌದ್ರಿ. ಎರಡು ವರ್ಷಾತು ರಿಟೈರ್ ಆಗಿ.”

“ಬರ್ರಿ, ಮ್ಯಾಲ ಬರ್ರಿ, ಕುಂದರ್ರಿ. ಏ, ಚಾ ತರಸ್ರಿಲೇ. ಕಾರ್ಗಿಲ್‌ನ್ಯಾಗ ಎಷ್ಟ್ ಮಂದೀನ ಹೊಡದ್ರಿ?”

“ನಾ ಅಲ್ಲಿಗೆ ಹೋಗಿಲ್ರಿ. ಈ ಟ್ಯಾಂಕು ಅಂಥಾ ಗುಡ್ಡಾ ಏರೂದೂ ಇಲ್ರಿ.”

“ಏರೂದಿಲ್ಲ ಅನ್ನೂದನ್ನ ಸ್ಟೇಜ್ ಮ್ಯಾಲ ಹೇಳಬ್ಯಾಡ್ರಿ ಮತ್ತ.”

“ಯಾ ಸ್ಟೇಜ್ ರೀ?”

ಆ ವರ್ಷ ಬೈಲಹೊಂಗಲದಲ್ಲಿ ಸನ್ಮಾನ ಮಾಡುವವರು ಹೆಚ್ಚಾಗಿ, ಮಾಡಿಸಿಕೊಳ್ಳುವ ಸೈನಿಕರು ಕಡಿಮೆ ಬಿದ್ದಿದ್ದರು. ನೌಕರಿಯಲ್ಲಿದ್ದವರು ಗಡಿಯಲ್ಲಿದ್ದರು. ನಿವೃತ್ತರನ್ನು ಸಂಘ-ಸಂಸ್ಥೆಯವರು ಮೊದಲೇ ಹಿಡಿದಿಟ್ಟುಕೊಂಡಿದ್ದರು. ಒಬ್ಬ ಮುದಿ ಸುಬೇದಾರನಿಗಂತೂ ಒಂದೇ ವಾರದಲ್ಲಿ ಇಷ್ಟು ಶಾಲು ಬಿದ್ದವೆಂದರೆ, ಅವನು ಮನೆಯಲ್ಲಿ ಇಲ್ಲವೆಂದು ಹೇಳಿಸತೊಡಗಿದ್ದ. ದುಂಡಪ್ಪ ಅಧ್ಯಕ್ಷನಾಗಿದ್ದ ವೀರಯೋಧ ಸನ್ಮಾನ ಸಮಿತಿಗೆ ಯೋಧನೊಬ್ಬನೇ ಕೊರತೆಯಾಗಿದ್ದ. ಈಗ ಯೋಧ ಟ್ಯಾಂಕಿನ ಸಮೇತ ಅಂಗಡಿಗೇ ನಡೆದು ಬಂದಿದ್ದ. ಚಹಾ ಬರುವ ಮೊದಲೇ ಎಲ್ಲ ಗೊತ್ತುಪಡಿಸಿದ್ದಾಯಿತು: ಆಗಸ್ಟ್ ಹದಿನೈದು, ಹೈಸ್ಕೂಲಿನ ಹಾಲ್, ಟ್ಯಾಂಕಿನ ಮೇಲೆ ಪರದೆ, ಪರದೆ ಸರಿಸಲು ತಹಶೀಲ್ದಾರ ಸಾಹೇಬರು, ಸಂಪಗಾಂವದ ಜನರನ್ನು ಕರೆತರಲು ದುಂಡಪ್ಪನದೇ ಟ್ರ್ಯಾಕ್ಟರು.

“ತೋಪಿಂದು ಚಿಂತಿ ಬಿಡ್ರಿ. ತೋಪು ನಂದು.”

ವಾರದಲ್ಲಿ ಹ್ಯಾಂಡ್‌ಬಿಲ್ಲು ಬಂತು. ‘ಯುದ್ಧ ಟ್ಯಾಂಕಿನ ಭವ್ಯ ಪ್ರದರ್ಶನ’ ಎಂಬುದರ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ‘ತೋಪಿನ ದಾನಿಗಳು: ಶ್ರೀ ದುಂಡಪ್ಪ ಸಂಗಪ್ಪ ಅಂಗಡಿ’ ಎಂದಿತ್ತು. ಕಾಡಪ್ಪನ ಹೆಸರು ಕೊನೆಯಲ್ಲಿ, ಸರ್ವರಿಗೂ ಸ್ವಾಗತ ಎಂಬುದರ ಹತ್ತಿರ ಬಂದಿತ್ತು. ತೋಪು ಮಾತ್ರ ಬರಲಿಲ್ಲ. ಈ ಕಡೆ ದಾನದ ಕ್ರಮವೇ ಹಾಗೆ. ಮಠದ ಫ್ಯಾನಿನ ರೆಕ್ಕೆಗಳ ಮೇಲೆ ಮೊದಲು ಹೆಸರು ಬರೆಸುತ್ತಾರೆ, ಕರೆಂಟಿನ ಜೋಡಣೆ ಆಮೇಲೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆದು, ಬೆಳಕು ಬರಲು ಎರಡು ಬೆರಳಿನಷ್ಟು ಜಾಗ ಬಿಟ್ಟಿರುತ್ತಾರೆ.

ಕಾದು ಬೇಸತ್ತು ಕಾಡಪ್ಪ ತಾನೇ ಹುಡುಕಲು ಹೊರಟ. ಮೊದಲು ಸವದತ್ತಿಗೆ ಹೋದ. ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಹರಕೆಯ ಬೆಳ್ಳಿ ಸಾಮಾನು ಮಾರುತ್ತಾರೆ. ಅಷ್ಟು ಸಣ್ಣ ಸಣ್ಣ ವಸ್ತುಗಳು ಬೇರೆಲ್ಲೂ ಸಿಗುವುದಿಲ್ಲವೆಂದು ಅವನ ಲೆಕ್ಕ. ಅಂಗಡಿಯಲ್ಲಿದ್ದ ಸಾವಿತ್ರೆವ್ವ ತಲೆ ಎತ್ತದೆ ಕೇಳಿದಳು.

“ಯಾರಿಗಿ ಏನಾಗೇತ್ರಿ?”

“ಯಾರಿಗೂ ಏನೂ ಆಗಿಲ್ಲಬೇ. ತೋಪಿನ ನಳಿಗಿ ಬೇಕಾಗಿತ್ತು. ಇಷ್ಟುದ್ದ.”

“ಕೈ ಐತಿ, ಕಾಲ ಐತಿ, ಕಣ್ಣ ಐತಿ, ತೊಟ್ಟಲಾ ಐತಿ. ತೋಪು ಇಲ್ಲೀ ತನಕಾ ಯಾರೂ ಬೇಡಿಕೊಂಡಿಲ್ಲೋ ಯಪ್ಪಾ.” ಸ್ವಲ್ಪ ಯೋಚಿಸಿ, ವ್ಯಾಪಾರ ಬಿಡಲು ಮನಸ್ಸಿಲ್ಲದೆ, “ಕೈ ಒಯ್ರಿ. ಬೆರಳು ಕತ್ತರಿಸಿ ಒಗದ್ರ ತೋಪಿನಂಗ ಆಗ್ತೈತಿ,” ಎಂದಳು.

ಕೈ ಎಂದರೆ ಒಂದೇ ಮಗ್ಗುಲು ಉಬ್ಬಿದ ತೆಳು ತಗಡು. ಕಾಡಪ್ಪ ಅದನ್ನು ಅಲ್ಲೇ ಇಟ್ಟು ರಾಮದುರ್ಗದ ಬಸ್ಸು ಹತ್ತಿದ.

ರಾಮದುರ್ಗದಲ್ಲಿ ಮುದಕಪ್ಪನ ರೇಡಿಯೋ ರಿಪೇರಿ ಅಂಗಡಿಯಿತ್ತು. ಟಿವಿ ಬಂದ ಮೇಲೆ ಜನ ರಿಪೇರಿಗೆ ಕೊಟ್ಟ ರೇಡಿಯೋ ವಾಪಸ್ಸು ಒಯ್ಯುವುದನ್ನು ಬಿಟ್ಟಿದ್ದರು. ಅಂಗಡಿ ತುಂಬ ಸತ್ತ ಟ್ರಾನ್ಸಿಸ್ಟರುಗಳು, ಒಂದೊಂದಕ್ಕೂ ಒಂದು ಏರಿಯಲ್ಲು. ಒಂದರೊಳಗೊಂದು ಸೇರುವ ಆ ಕೊಳವೆಗಳನ್ನು ನೋಡಿದ ಕೂಡಲೆ ಕಾಡಪ್ಪನಿಗೆ ತಿಳಿಯಿತು. ಬುಡದಿಂದ ತುದಿಗೆ ಬರುತ್ತ ಸಣ್ಣಗಾಗಿ, ಕೊನೆಯಲ್ಲಿ ತುಸು ದಪ್ಪ. ಟಿ-55ರ ತೋಪೂ ಹಾಗೆಯೇ ಇರುತ್ತದೆ.

“ಯಾ ರೇಡಿಯೋಕ ಬೇಕ್ರಿ ಏರಿಯಲ್ಲು?” ಎಂದ ಮುದಕಪ್ಪ.

“ರೇಡಿಯೋಕಲ್ರಿ, ಟ್ಯಾಂಕಿಗೆ.”

ಮುದಕಪ್ಪ ಕನ್ನಡಕ ತೆಗೆದು ಅವನನ್ನು ನೋಡಿದ. “ನೀರಿನ ಟಾಕಿಗೆ ಏರಿಯಲ್ ಹಚ್ಚಿದ್ರ ಧಾರವಾಡ ಸ್ಟೇಷನ್ ಹಿಡೀತೈತೇನ್ರಿ?”

ಕಾಡಪ್ಪ ಚೀಲದಿಂದ ಟ್ಯಾಂಕು ತೆಗೆದಿಟ್ಟ. ದಾರ ಹಿಡಿದು ಅಳೆದು, ಏರಿಯಲ್ಲಿನ ತುದಿಯ ಎರಡು ಕೊಳವೆಗಳನ್ನು ಕತ್ತರಿಸಿ, ಗುಮ್ಮಟದ ತೂತಿಗೆ ಹಿಡಿದರು. ಕುದುರೆಗೆ ಬಾಲ ಕೂತಂತೆ ಕೂತಿತು. ಮುದಕಪ್ಪ ಹಣ ಮುಟ್ಟಲಿಲ್ಲ.

“ದೇಶದ ಕೆಲಸಕ್ಕ ಏನು ರೊಕ್ಕಾ ತಗೋಳೂದ್ರಿ. ಮೈಕಿನ್ಯಾಗ ನನ್ನ ಹೆಸರೊಂದು ಹೇಳಿಸ್ರಿ, ಸಾಕು.”

ಅಂದು ಸಂಜೆ ಸಂಪಗಾಂವದಲ್ಲಿ ಕಾಡಪ್ಪ ತೋಪು ಕೂಡಿಸಿದ. ಟ್ಯಾಂಕಿನ ಉಳಿದ ತುಂಡುಗಳನ್ನೆಲ್ಲ ಅವನು ಸೈಕಲ್ ಪಂಕ್ಚರಿಗೆ ಹಚ್ಚುವ ಸಲ್ಯೂಶನ್ನಿನಿಂದ ಅಂಟಿಸಿದ್ದ. ಊರಲ್ಲಿ ಸಿಗುವ ಅಂಟು ಅದೊಂದೇ. ಸಿದ್ದಲಿಂಗವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಈಗ ಖರೇನ ಗುಂಡು ಹಾರಸೂವಂಗ ಕಾಣತೈತಿ ನೋಡ್ರಿ.”

ಅವನು ಉಗುರಿನಿಂದ ಮುಚ್ಚಳ ಎತ್ತಿ ತೋರಿಸಿದ.

“ಇದರಾಗ ಕಾಲು ಚಾಚಾಕ ಬರ್ತಿರಲಿಲ್ಲೇನ್ರಿ?”

“ಇಲ್ಲ.”

“ಅದಕ್ಕ ನಿಮ್ಮ ಮಣಕಾಲು ಹಿಂಗ ಹಿಡಕೊಂಡಾವ ಹಂಗಾರ,” ಎಂದು ಅವಳು ಒಳಗೆ ಹೋದಳು. ಎರಡು ವರ್ಷದಲ್ಲಿ ಅವನನ್ನು ನಂಬಿದ ಮೊದಲನೆಯವಳು ಅವಳು.

ಎರಡನೆಯವನಾಗಬಹುದಾಗಿದ್ದವನು ಮರುದಿನ ಬೆಳಿಗ್ಗೆ ತಾನಾಗಿ ಬಾಗಿಲಿಗೆ ಬಂದ. ಹ್ಯಾಂಡ್‌ಬಿಲ್ಲು ಓದಿಸಿ ಕೇಳಿದ್ದ ದುರ್ಗಪ್ಪ, ಜೊತೆಗೆ ಚಾವಡಿಯಲ್ಲಿ ಕೂಡುವ ಮೂರ್ನಾಲ್ಕು ಜನರನ್ನೂ ಕರೆದುಕೊಂಡು ಬಂದಿದ್ದ.

“ಎಲ್ಲೈತಿಲೇ ಕಾಡ್ಯಾ ನಿನ್ನ ಬಂಡಿ? ತೋರ್ಸು, ನೋಡೂಣು.”

ಟ್ಯಾಂಕು ಒಳಗೆ, ಜೋಳದ ಡಬ್ಬಿಯ ಮೇಲೆ ತೋಪಿನ ಸಮೇತ ನಿಂತಿತ್ತು. ಕಾಡಪ್ಪ ಒಳಗೆ ಹೋಗಿ ಅದನ್ನು ತಂದು ಕಟ್ಟೆಯ ಮೇಲೆ ಇಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ತಲೆಯಲ್ಲಿ ಪರದೆ, ಮೈಕು, ಸಾಹೇಬರು ತುಂಬಿಕೊಂಡಿದ್ದರು.

“ಹದಿನೈದನೇ ತಾರೀಖಿಗೆ ಬೈಲಹೊಂಗಲಕ ಬರ್ರಿ ಕಾಕಾ. ಎಲ್ಲಾರ ಮುಂದ ತೋರಸ್ತೇನಿ.”

“ಈಗ ತೋರ್ಸಿದ್ರ ಸವದು ಹೋಗ್ತೈತೇನು?”

“ಸಾಹೇಬ್ರು ಪರದೆ ತಗೀತಾರ್ರಿ. ಅದಕ್ಕಿಂತ ಮೊದಲ ತೋರಸಬಾರದಂತ.”

“ಸಾಹೇಬ್ರು ಬಾಗಲಾ ತಗೀ ಅಂದ್ರ ತಗೀತಿ, ಮುಚ್ಚು ಅಂದ್ರ ಮುಚ್ಚತಿ,” ಎಂದ ದುರ್ಗಪ್ಪ ಜೊತೆಗಿದ್ದವರ ಕಡೆ ತಿರುಗಿ. “ರೂಢಿ ಬಿಟ್ಟಿಲ್ಲ ನೋಡ್ರಿ ಇವಂದು.”

ನಗುತ್ತ ಹೊರಟುಹೋದರು. ಕಾಡಪ್ಪನೂ ಒಳಗೊಳಗೇ ನಕ್ಕ.

ಹದಿನಾಲ್ಕನೆಯ ತಾರೀಖು ಅವನು ಟ್ಯಾಂಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೈಲಹೊಂಗಲಕ್ಕೆ ಬಂದ. ಟವೆಲ್ಲು ಬಿಚ್ಚಿ ನೋಡಿದ ದುಂಡಪ್ಪನ ಮುಖ ಸಣ್ಣಗಾಯಿತು.

“ಇದು ರೇಡಿಯೋ ಏರಿಯಲ್ ರೀ.”

“ಅಳತಿ ಬರೋಬ್ಬರಿ ಐತ್ರಿ. ಮೂವತ್ತೈದರಾಗ ಒಂದು. ರಾಮದುರ್ಗದ ಮುದಕಪ್ಪನವರು ಕೊಟ್ಟಾರ.”

“ಅಲ್ರೀ ಮಿಲ್ಟ್ರಿ ಸಾಹೇಬ್ರ, ಹ್ಯಾಂಡ್‌ಬಿಲ್ಲಿನ್ಯಾಗ ಏನು ಛಾಪಾ ಆಗೇತಿ? ತೋಪಿನ ದಾನಿ ನಾನು. ನಾಳೆ ರಾಮದುರ್ಗದಾಂವಾ ಎದ್ದು ನಿಂತು ಇದು ನಂದು ಅಂದ್ರ, ನಾ ದಾನಾ ಮಾಡಿದ್ದು ಏನು? ಗಾಳಿ?”

ಅವನು ಗಲ್ಲೆಯ ಕೆಳಗಿನಿಂದ ಒಂದು ಗಂಟು ತೆಗೆದ. ಒಳಗೆ ಹೆಬ್ಬೆರಳಿಗಿಂತ ದಪ್ಪನೆಯ ಹಿತ್ತಾಳೆಯ ತೋಪು ಇತ್ತು. ಕೊಟ್ಟ ಮಾತು ತಪ್ಪುವವನಲ್ಲ ದುಂಡಪ್ಪ. ಟ್ಯಾಂಕಿನ ತೋಪು ಹೇಗಿರುತ್ತದೆಂದು ಗೊತ್ತಿಲ್ಲದ್ದರಿಂದ ಕಿತ್ತೂರಿಗೆ ಹೋಗಿ, ಅಲ್ಲಿ ಯಾರೋ ತೋರಿಸಿದ ಹಳೆಯ ಕಾಲದ ತೋಪೊಂದನ್ನು ನೋಡಿ ಬಂದು, ಅದೇ ನಮೂನೆಯಲ್ಲಿ ಲೇಥಿನ ಮೇಲೆ ಹೊರಳಿಸಿದ್ದ. ಬುಡದಲ್ಲಿ ಗುಂಡಗೆ ಹೊಟ್ಟೆ, ಮೈಗೆ ಮೂರು ಉಂಗುರ, ಬಾಯಿ ಕಹಳೆಯ ಹಾಗೆ ಅಗಲ.

“ನಮ್ಮ ನಾಡಿನ ಶೌರ್ಯಾ ಕಾಣಬೇಕ್ರಿ ಇದರಾಗ.”

“ಇಷ್ಟು ದಪ್ಪ ನಡಿಯೂದಿಲ್ರಿ. ಈ ಲೆಕ್ಕದಾಗ ಖರೇ ತೋಪು ಮಾಡಿದ್ರ ಎಮ್ಮಿ ಈ ಕಡೆ ಹೊಕ್ಕು ಆ ಕಡೆ ಹೊರಗ ಬರ್ತೈತಿ.”

“ಹಿಂದಿನ ಕುರ್ಚಿಯವ್ರಿಗೆ ಕಾಣಬ್ಯಾಡೇನ್ರಿ? ನಿಮ್ಮ ಟ್ಯಾಂಕು ಮೂವತ್ತೈದರಾಗ ಒಂದರ ಇರ್ಲಿ, ಎಪ್ಪತ್ತರಾಗ ಒಂದರ ಇರ್ಲಿ. ನನ್ನ ಮರ್ಯಾದಿ ಮೂವತ್ತೈದರಾಗ ಒಂದು ಮಾಡಬ್ಯಾಡ್ರಿ.”

ಹಾಲ್, ಮೈಕು, ಪರದೆ, ದುರ್ಗಪ್ಪನನ್ನು ಕರೆತರುವ ಟ್ರ್ಯಾಕ್ಟರು ಎಲ್ಲ ದುಂಡಪ್ಪನವು. ತೋಪು ಯಾವುದಾದರೇನು, ಮುಚ್ಚಳವಂತೂ ಅಲ್ಲೇ ಇರುತ್ತದೆ ಎಂದುಕೊಂಡು ಕಾಡಪ್ಪ ಒಪ್ಪಿದ. ಇಕ್ಕಳದಿಂದ ಎಳೆಯುವಾಗ ಏರಿಯಲ್ಲು ಬಾಗಿ ಮುರಿಯಿತು. ಹಿತ್ತಾಳೆಯ ತೋಪನ್ನು ಎರಡು ಟ್ಯೂಬಿನ ಗಟ್ಟಿ ಅಂಟು ಕಲಸಿ ಗುಮ್ಮಟಕ್ಕೆ ಕೂಡಿಸಿದರು. ಕೈ ಬಿಟ್ಟ ಕೂಡಲೆ ಟ್ಯಾಂಕು ಮುಗ್ಗರಿಸಿ ಮೂಗು ಊರಿತು. ದುಂಡಪ್ಪ ಟ್ರ್ಯಾಕ್ಟರಿನ ಒಂದು ದೊಡ್ಡ ನಟ್ಟು ತಂದು ಹಿಂಭಾಗಕ್ಕೆ ಅಂಟಿಸಿದ. ಈಗ ಅದು ಸಮತೂಕದಲ್ಲಿ ನಿಂತಿತು. ಯಾವ ಸೈನ್ಯದಲ್ಲೂ ಇಲ್ಲದ ಟ್ಯಾಂಕಾಗಿತ್ತು, ಆದರೆ ನಿಂತಿತ್ತು.

ಮರುದಿನ ಧ್ವಜ ಏರಿಸಿ ಲಡ್ಡು ಹಂಚುವಾಗ ದುಂಡಪ್ಪನಿಗೆ ನೆನಪಾಯಿತು: ತೋಪಿನ ಮೇಲೆ ಹೆಸರಿಲ್ಲ.

ಈ ಕಡೆ ಹೆಸರು ಕೆತ್ತಿಸದೆ ಕೊಟ್ಟದ್ದು ಕೊಟ್ಟದ್ದಲ್ಲ. ಮದುವೆಗೆ ಕೊಡುವ ತಾಟು, ಗುಡಿಗೆ ಕೊಡುವ ಕೊಡ, ಎಲ್ಲವೂ ಭಾಂಡೆ ಅಂಗಡಿಯಲ್ಲಿ ಹೆಸರು ಬಿದ್ದ ಮೇಲೆಯೇ ಹೊರಗೆ ಬರುತ್ತವೆ. ತೋಪು ಆಗಲೇ ಅಂಟಿ ಕಲ್ಲಾಗಿತ್ತು, ಬಿಡಿಸುವಂತಿರಲಿಲ್ಲ. ಆದ್ದರಿಂದ ಇಡೀ ಟ್ಯಾಂಕನ್ನು ಎತ್ತಿಕೊಂಡು ಭಾಂಡೆ ಅಂಗಡಿಗೆ ಓಡಿದರು. ಕಾಡಪ್ಪ ಹಿಂದಿನಿಂದ ಓಡಿದ.

ಕೆತ್ತುವ ಅರ್ಜುನ ಗಟಾರದ ಮೇಲಿನ ಹಾಸುಗಲ್ಲಿನ ಮೇಲೆ ಕೂತಿದ್ದ. ಕರೆಂಟಿನ ಮೇಲೆ ನಡೆಯುವ ಪೆನ್ನಿನಂಥ ಅವನ ಯಂತ್ರ ಗುಂಗಾಡಿಯಂತೆ ಜೀಗುಡುತ್ತ, ಮುಟ್ಟಿದ ಪಾತ್ರೆಯನ್ನು ಗಡಗಡ ನಡುಗಿಸುತ್ತದೆ. ಕೊಡವನ್ನು ಹಿಡಿಯುವ ಹಾಗೆಯೇ ಅವನು ಟ್ಯಾಂಕನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದ.

“ಏನು ಬರೀಲ್ರಿ?”

“ಶ್ರೀ ದುಂಡಪ್ಪ ಸಂಗಪ್ಪ ಅಂಗಡಿ, ಬೈಲಹೊಂಗಲ, ಇವರಿಂದ,” ಎಂದ ದುಂಡಪ್ಪ.

“ಇವರಿಂದ ಭಕ್ತಿಪೂರ್ವಕ ಕಾಣಿಕಿ. ಅಷ್ಟೂ ಹಾಕ್ತೇನಿ ತಗೋರಿ. ನನ್ನ ಕೈ ಹಂಗ ಹೋಗ್ತೈತಿ.”

‘ಶ್ರೀ’ ಮುಗಿಯುವಷ್ಟರಲ್ಲಿ ಡೀಸೆಲ್ ಡ್ರಮ್ಮುಗಳು ಉದುರಿದವು. ಪಂಕ್ಚರಿನ ಸಲ್ಯೂಶನ್ನು ರಬ್ಬರನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ಕನ್ನು ಅಷ್ಟಾಗಿ ಹಿಡಿಯುವುದಿಲ್ಲ. ದುಂಡಪ್ಪನ ಹೆಸರಿಗೆ ಎಡಗಡೆಯ ಚಕ್ರಗಳು ಹೋದವು, ತಂದೆಯ ಹೆಸರಿಗೆ ಬಲಗಡೆಯವು.

“ನಿಲ್ಲಿಸೋ! ನಿಲ್ಲಿಸೋ ತಮ್ಮಾ!” ಎಂದು ಕಾಡಪ್ಪ ಕೂಗಿದ. ಯಂತ್ರದ ಸದ್ದಿನಲ್ಲಿ ಅರ್ಜುನನಿಗೆ ಕೇಳಲಿಲ್ಲ. ಕೇಳಿಸಿಕೊಂಡ ದುಂಡಪ್ಪ ಕಾಡಪ್ಪನ ರಟ್ಟೆ ಹಿಡಿದುಕೊಂಡ.

“ಸುಮ್ನಿರ್ರಿ. ಜೀವಂತ ಮನಶ್ಯಾನ ಹೆಸರು ಅರ್ಧಕ್ಕ ಬಿಡಬಾರದು. ಅಪಶಕುನ.”

ಊರಿನ ಹೆಸರು ಬರುವಾಗ ಅಂಟಿನ ಸುತ್ತ ಗುಮ್ಮಟವೇ ಒಡೆದು, ಟ್ಯಾಂಕಿನ ಮೈ ಎರಡಾಗಿ ಬಿಚ್ಚಿಕೊಂಡು ಅರ್ಜುನನ ಕಾಲ ಸಂದಿಯಿಂದ ಗಟಾರಕ್ಕೆ ಜಾರಿತು. ಅವನು ನುರಿತ ಕೆಲಸಗಾರ. ಕೈಯಲ್ಲಿ ತೋಪು ಉಳಿದಿತ್ತಾದ್ದರಿಂದ ನಿಲ್ಲಿಸದೆ ‘ಕಾಣಿಕೆ’ಯ ತನಕ ಕೆತ್ತಿ, ಬಟ್ಟೆಯಿಂದ ಒರೆಸಿ ಕೊಟ್ಟ. ಅಕ್ಷರಗಳು ಬಹಳ ಚೆನ್ನಾಗಿ ಬಂದಿದ್ದವು.

ಹೈಸ್ಕೂಲಿನ ಹಾಲ್ ತುಂಬಿತ್ತು. ಸಾಹೇಬರು ಕೂತಾಗಿತ್ತು. ಕಾರ್ಯಕ್ರಮ ಮುಂದೆ ಹಾಕುವ ಮಾತೇ ಇರಲಿಲ್ಲ. ಕೆಂಪು ಬಟ್ಟೆ ಹಾಸಿದ ಮೇಜಿನ ಮೇಲೆ ದುಂಡಪ್ಪ ತೋಪೊಂದನ್ನೇ ಇಟ್ಟು, ಚೆಂಡುಹೂವಿನ ಮಾಲೆ ಸುತ್ತಿ, ಮುಂದೆ ಪರದೆ ಎಳೆಸಿದ. ಸಾಹೇಬರು ಪರದೆ ಸರಿಸಿದರು. ಹಿತ್ತಾಳೆ ಬೆಳಕಿಗೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಕುರ್ಚಿಯವರಿಗೂ ಕಂಡಿತು. ಈ ಟ್ಯಾಂಕಿನ ಮುಂದೆ ಶತ್ರುಗಳು ಹೇಗೆ ನಡುಗಿರಬೇಕು ಎಂದು ಸಾಹೇಬರು ಅರ್ಧ ಗಂಟೆ ಮಾತನಾಡಿದರು. ಕಾಡಪ್ಪನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ತನ್ನ ಹೆಸರು ಕೇಳಲೆಂದು ರಾಮದುರ್ಗದಿಂದ ಬಂದಿದ್ದ ಮುದಕಪ್ಪ ವಂದನಾರ್ಪಣೆಯ ತನಕ ಕಾದು ಎದ್ದುಹೋದ.

ಆಮೇಲೆ ಸಂಪಗಾಂವದವರು ಸಾಲಾಗಿ ವೇದಿಕೆ ಹತ್ತಿ ನೋಡಲು ಬಂದರು. ದುರ್ಗಪ್ಪ ಎಲ್ಲರಿಗಿಂತ ಮುಂದಿದ್ದ. ಅವನು ತೋಪನ್ನು ಬಗ್ಗಿ ನೋಡಿದ. ಮಾಲೆ ಸರಿಸಿ ಕೆಳಗೂ ನೋಡಿದ. ಅದರ ಬಾಯಿಗೆ ಕಿರುಬೆರಳು ಹಾಕಿದ. ಅರ್ಧ ಬೆರಳು ಹೋಗಿ ನಿಂತಿತು. ಅವನು ಈ ಸಲ ನಗಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ:

“ಕಾಡಪ್ಪಾ, ಇದರಾಗ ನೀ ಕುಂದರತಿದ್ದಿ ಎಲ್ಲಿ?”

ಕಾಡಪ್ಪ ಬೆರಳು ಎತ್ತಿದ. ಅದನ್ನು ಇಡಲು ಅಲ್ಲಿ ಜಾಗವಿರಲಿಲ್ಲ.

ಮಧ್ಯಾಹ್ನ ಅವನು ಶಾಲನ್ನು ಹೆಗಲಿಗೆ ಹಾಕಿಕೊಂಡೇ ಭಾಂಡೆ ಅಂಗಡಿಯ ಮುಂದೆ ಕೂತು ಗಟಾರವನ್ನು ಕಡ್ಡಿಯಿಂದ ಕೆದಕಿದ. ಸಿಕ್ಕಷ್ಟನ್ನು ತೊಳೆದು ಟವೆಲ್ಲಿನಲ್ಲಿ ಕಟ್ಟಿಕೊಂಡ. ಸಿಗದೇ ಹೋದದ್ದು: ಚಕ್ರ ನಾಲ್ಕು, ಪಟ್ಟಾ ಒಂದು, ಡೀಸೆಲ್ ಡ್ರಮ್ಮು ಒಂದು, ದೀಪ ಎರಡು, ಮುಚ್ಚಳ ಒಂದು.